ಅಪರಿಚಿತರ ಜೊತೆ ಮಾತಾಡಬೇಡ ಅಂದರೆ ಸಾಕೇ?

(ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಆರರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ ಮಾತ್ರ ಮಾತಾಡುತ್ತೇನೆ. ಹದಿಹರೆಯದವರ ಕಷ್ಟಗಳೇ ಬೇರೆ, ಅವರಿಗೆ ಹೇಳುವ ರೀತಿಯೂ ಬೇರೆ. ಎರಡನ್ನೂ ಒಂದೇ ಗಂಟೆಯಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಸಣ್ಣ ಮಕ್ಕಳಿಗೆ ಇಂಟರ್‌ನೆಟ್ ಸುರಕ್ಷತೆ ಅಂತ ನಾವು ಸಾಮಾನ್ಯವಾಗಿ ಏನು ಕಲಿಸುತ್ತೇವೆ? ಒಂದು ಚಾರ್ಟ್ ಮಾಡಿಸುತ್ತೇವೆ. ಮೊದಲ ಸಾಲು: ಅಪರಿಚಿತರ ಜೊತೆ ಮಾತಾಡಬಾರದು. ಮಕ್ಕಳು ಅದನ್ನು ಜೋರಾಗಿ ಒಪ್ಪಿಸುತ್ತಾರೆ. ಚಾರ್ಟು ಗೋಡೆಗೆ ಹೋಗುತ್ತದೆ. ಅಲ್ಲಿಗೆ ಪಾಠ ಮುಗಿಯಿತು. ನನ್ನ ತಕರಾರು ಆ ಮೊದಲ ಸಾಲಿನ ಮೇಲೆಯೇ.

ನಿಮ್ಮ ತರಗತಿಯಲ್ಲಿ ಒಮ್ಮೆ "ಅಪರಿಚಿತ ವ್ಯಕ್ತಿಯ ಚಿತ್ರ ಬರೆಯಿರಿ" ಅಂತ ಹೇಳಿ ನೋಡಿ. ಗಡ್ಡ, ಕಪ್ಪು ಕನ್ನಡಕ, ಟೋಪಿ, ಕೆಂಪು ಕಣ್ಣು, ಇಂಥವೇ ಜಾಸ್ತಿ ಬರುತ್ತವೆ. ಮಗುವಿನ ಲೆಕ್ಕದಲ್ಲಿ ಅಪರಿಚಿತ ಅಂದರೆ ನೋಡಿದರೆ ಭಯವಾಗುವವನು. ಈಗ ಒಂದು ಆನ್‌ಲೈನ್ ಆಟದ ಒಳಗೆ ಬನ್ನಿ. ಅಲ್ಲಿ ಒಬ್ಬ ಆಟಗಾರ ಇದ್ದಾನೆ. ಅವನ ಬೊಂಬೆಗೆ ಬೆಕ್ಕಿನ ಕಿವಿ ಇದೆ. ನಿನ್ನೆ ಅವನು ನಮ್ಮ ಮಗುವನ್ನು ಸೋಲಿನಿಂದ ಉಳಿಸಿದ್ದಾನೆ. ಮೊನ್ನೆ ಒಂದು ಕತ್ತಿ ಕೊಟ್ಟಿದ್ದಾನೆ. ಮಗುವಿಗೆ ಅವನು ಗೆಳೆಯ. "ನಿನಗೆ ಅಪರಿಚಿತರ ಜೊತೆ ಮಾತಾಡಬೇಡ ಅಂದಿರಲಿಲ್ವಾ?" ಅಂತ ಆಮೇಲೆ ಗದರಿದರೆ ಮಗುವಿಗೆ ನಿಜವಾಗಲೂ ಅರ್ಥವಾಗುವುದಿಲ್ಲ. ಅದು ಮಾತು ಮೀರಿಲ್ಲ. ಅದರ ಪಾಲಿಗೆ ಅವನು ಅಪರಿಚಿತನೇ ಅಲ್ಲ.

ಇನ್ನೊಂದು ತೊಂದರೆಯೂ ಇದೆ. ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕಿರಿಕಿರಿ ಕೊಡುವವರು ಎಷ್ಟೋ ಸಲ ಗೊತ್ತಿರುವವರೇ. ಅದೇ ಶಾಲೆಯ ದೊಡ್ಡ ತರಗತಿಯ ಹುಡುಗ, ಪಕ್ಕದ ಬೆಂಚಿನ ಹುಡುಗಿ, ನೆಂಟರು. ನಮ್ಮ ಚಾರ್ಟಿನ ಮೊದಲ ಸಾಲು ಇವರನ್ನೆಲ್ಲ ಹೊರಗೆ ಬಿಟ್ಟುಬಿಡುತ್ತದೆ.

ಆದ್ದರಿಂದ ನಾನು ಹೇಳುವುದಿಷ್ಟು. ಯಾರು ಅಂತ ನೋಡುವುದನ್ನು ಕಲಿಸುವುದು ಬೇಡ. ಏನು ಕೇಳುತ್ತಿದ್ದಾರೆ ಅಂತ ನೋಡುವುದನ್ನು ಕಲಿಸೋಣ. ಏಳು ವರ್ಷದ ಮಗುವಿಗೆ ಒಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಅಳೆಯಲು ಆಗುವುದಿಲ್ಲ. ನಮಗೇ ಆಗುವುದಿಲ್ಲ, ಅಲ್ವಾ? ಆದರೆ ಅವರು ಆಡಿದ ಮಾತು ಮಗುವಿನ ಕಿವಿಗೆ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಅದನ್ನು ಗುರುತಿಸಲು ಕಲಿಸಬಹುದು.

ಯಾವ ಮಾತುಗಳು? "ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೆ ಹೇಳಬೇಡ." ಇದು ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಆಮೇಲೆ "ನಿನ್ನ ಫೋಟೋ ಕಳಿಸು", "ವಿಡಿಯೋ ಆನ್ ಮಾಡು". "ಇಲ್ಲಿ ಬೇಡ, ಬೇರೆ ಆಪ್‌ಗೆ ಬಾ" ಅನ್ನುವುದೂ ದೊಡ್ಡ ಸೂಚನೆ. ಆಟದ ಚಾಟ್‌ನಲ್ಲಿ ಸ್ವಲ್ಪವಾದರೂ ಕಾವಲು ಇರುತ್ತದೆ, ಕೆಟ್ಟ ಮಾತನ್ನು ತಡೆಯುವ ಫಿಲ್ಟರ್ ಇರುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಖಾಸಗಿ ಮೆಸೇಜಿಗೆ ಕರೆಯುತ್ತಾರೆ. "ಪಾಸ್‌ವರ್ಡ್ ಕೊಟ್ಟರೆ ಸಾವಿರ ನಾಣ್ಯ ಹಾಕಿಕೊಡ್ತೀನಿ" ಅನ್ನುವುದು ಇನ್ನೊಂದು. ಇದರ ಜೊತೆಗೆ ಯಾವಾಗಲೂ ಒಂದು ಆತುರ ಇರುತ್ತದೆ: ಈಗಲೇ, ಬೇಗ, ಇಲ್ಲದಿದ್ದರೆ ಹೋಯಿತು.

ನೋಡಲು ಸಾದಾ ಅನ್ನಿಸುವ ಪ್ರಶ್ನೆಗಳೂ ಇವೆ. "ಈ ಫೋನ್ ಯಾರದು? ಈಗ ನಿನ್ನ ಹತ್ತಿರ ಯಾರಿದ್ದಾರೆ? ನಿನ್ನ ರೂಮಲ್ಲಿ ಕೂತು ಆಡ್ತಿದ್ದೀಯಾ?" ಕೆಟ್ಟ ಉದ್ದೇಶದವರು ಇಂಥ ಪ್ರಶ್ನೆಗಳನ್ನು ಬೇಗನೇ ಕೇಳುತ್ತಾರೆ. ಸಿಕ್ಕಿಬೀಳುವ ಅಪಾಯ ಎಷ್ಟಿದೆ ಅಂತ ಲೆಕ್ಕ ಹಾಕುವುದಕ್ಕೆ. ಸಣ್ಣ ಮಕ್ಕಳಿಗೆ ಈ ಕಾರಣವನ್ನೆಲ್ಲ ವಿವರಿಸಬೇಕಿಲ್ಲ. "ನಿನ್ನ ಹತ್ತಿರ ಯಾರಿದ್ದಾರೆ ಅಂತ ಯಾರಾದರೂ ಕೇಳಿದರೆ, ಆ ಫೋನನ್ನು ಹತ್ತಿರ ಇರುವವರ ಕೈಗೇ ಕೊಡು" ಅಂದರೆ ಸಾಕು. ಮಕ್ಕಳಿಗೆ ಈ ಉಪಾಯ ಬಹಳ ಇಷ್ಟವಾಗುತ್ತದೆ.

ಗುಟ್ಟಿನ ವಿಷಯದಲ್ಲಿ ಮಕ್ಕಳು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. "ಅಪ್ಪನಿಗೆ ಉಡುಗೊರೆ ತಂದಿದ್ದೀವಿ, ಹೇಳಬೇಡ ಅಂತ ಅಮ್ಮನೇ ಹೇಳಿದ್ರಲ್ಲ?" ಅದಕ್ಕೆ ಉತ್ತರ ಸುಲಭ. ಆ ಗುಟ್ಟು ಒಂದು ದಿನ ಎಲ್ಲರ ಮುಂದೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದಾಗ ಎಲ್ಲರೂ ನಗುತ್ತಾರೆ. ಯಾವತ್ತೂ ಯಾರಿಗೂ ಹೇಳಬಾರದು ಅನ್ನುವ ಗುಟ್ಟನ್ನು ಮಾತ್ರ ಇಟ್ಟುಕೊಳ್ಳಬಾರದು.

ಇನ್ನು, ಇದನ್ನು ಕಲಿಸುವುದು ಹೇಗೆ? ಬಾಯಿಪಾಠ ಮಾಡಿಸಿದರೆ ಆಗುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಮಕ್ಕಳ ಅಪಹರಣ ತಡೆಯುವ ಪಾಠಗಳನ್ನು ಪರೀಕ್ಷೆ ಮಾಡಿದರು. ತಂದೆತಾಯಿಯ ಒಪ್ಪಿಗೆ ಪಡೆದು, ಮಕ್ಕಳಿಗೆ ಗೊತ್ತಿಲ್ಲದ ಒಬ್ಬರನ್ನು ಕಳಿಸಿ "ನನ್ನ ಜೊತೆ ಬರ್ತೀಯಾ?" ಅಂತ ಕೇಳಿಸಿದರು. ಸುಮ್ನೆ ಕೂತು ಪಾಠ ಕೇಳಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಹೊರಡಲು ಒಪ್ಪಿಬಿಟ್ಟರು. ಎದ್ದು ನಿಂತು, "ಇಲ್ಲ" ಅಂತ ಹೇಳಿ, ಓಡಿಹೋಗಿ ದೊಡ್ಡವರಿಗೆ ತಿಳಿಸುವುದನ್ನು ಅಭ್ಯಾಸ ಮಾಡಿದ್ದ ಮಕ್ಕಳು ತುಂಬಾ ಚೆನ್ನಾಗಿ ಪಾರಾದರು. ಬೀದಿಯ ಪಾಠಕ್ಕೆ ನಿಜವಾದದ್ದು ಫೋನಿನ ಪಾಠಕ್ಕೂ ನಿಜ ಅಂತ ನಾನು ನಂಬುತ್ತೇನೆ. ಗಿಣಿಪಾಠ ಬೇರೆ, ಮೈಗೆ ಹತ್ತಿದ ಪಾಠ ಬೇರೆ.

ತರಗತಿಯಲ್ಲಿ ಇದನ್ನು ನಾಟಕದ ಹಾಗೆ ಮಾಡಬಹುದು. ಮಗುವಿನ ಕೈಯಲ್ಲಿ ರಟ್ಟಿನ ಫೋನ್. ಟೀಚರ್ ಆಟದ ಗೆಳೆಯ. "ಹಾಯ್, ನೀನು ಸೂಪರಾಗಿ ಆಡ್ತೀಯ. ನಾಣ್ಯ ಬೇಕಾ? ಒಂದು ಫೋಟೋ ಕಳಿಸು, ಯಾರಿಗೂ ಹೇಳಬೇಡ." ಮಗು ಮಾಡಬೇಕಾದ್ದು ಮೂರೇ: ಉತ್ತರ ಕೊಡದೆ ನಿಲ್ಲಿಸುವುದು, ಫೋನ್ ಹಿಡಿದು ಎದ್ದು ಬರುವುದು, ದೊಡ್ಡವರಿಗೆ ತೋರಿಸುವುದು. ಎದ್ದು ನಡೆಯಲೇಬೇಕು. ಕೂತಲ್ಲೇ "ಟೀಚರ್‌ಗೆ ಹೇಳ್ತೀನಿ" ಅಂದರೆ ಅದು ಮತ್ತೆ ಬಾಯಿಪಾಠವೇ. ಹೆದರಿ ಮೆಸೇಜ್ ಅಳಿಸಿಬಿಡುವ ಮಕ್ಕಳಿರುತ್ತಾರೆ. "ಅಳಿಸಬೇಡ, ಹಾಗೇ ತಂದು ತೋರಿಸು" ಅಂತ ಹೇಳಿಕೊಡಿ. ಒಂದು ಸಲ ಮಾಡಿಸಿ ಬಿಡಬೇಡಿ, ತಿಂಗಳಿಗೊಮ್ಮೆ ಬೇರೆ ಬೇರೆ ಮಾತು ಹಾಕಿ ಮಾಡಿಸಿ. ಟೀಚರ್ ಕೆಟ್ಟವನ ಪಾತ್ರವನ್ನು ಕೆಟ್ಟ ದನಿಯಲ್ಲಿ ಮಾಡಬಾರದು. ಸಿಹಿಯಾಗಿ, ಪ್ರೀತಿಯಿಂದ ಮಾಡಬೇಕು. ಅಲ್ಲಿ ನಡೆಯುವುದೂ ಹಾಗೆಯೇ.

ಇಲ್ಲಿ ನಮ್ಮ ತರಗತಿಗಳದ್ದೇ ಒಂದು ಅಡ್ಡಿ ಇದೆ. ಒಂದನೇ ತರಗತಿಯಿಂದಲೂ "ಚಾಡಿ ಹೇಳಬೇಡ" ಅಂತ ಮಕ್ಕಳ ಬಾಯಿ ಮುಚ್ಚಿಸುತ್ತೇವೆ. ಮೂವತ್ತು ನಲವತ್ತು ಮಕ್ಕಳಿರುವ ಕಡೆ ಅದು ಸಹಜ, ಟೀಚರ್‌ಗೂ ತಲೆ ಕೆಡುತ್ತದೆ. ಆದರೆ ಅದೇ ಬಾಯಿಂದ "ಏನಾದರೂ ಆದರೆ ಬಂದು ಹೇಳು" ಅಂದರೆ ಮಗು ಯಾವುದನ್ನು ನಂಬಬೇಕು? ನಾನಂತೂ ಚಾಡಿಯ ನಿಯಮವನ್ನು ಪೂರ್ತಿ ಕೈಬಿಡುವುದೇ ವಾಸಿ ಅನ್ನುತ್ತೇನೆ. ಪೆನ್ಸಿಲ್ ಕಿತ್ತುಕೊಂಡ ದೂರನ್ನು ಹತ್ತು ಸಲ ಕೇಳಿಸಿಕೊಂಡ ಟೀಚರ್ ಹತ್ತಿರವೇ ಮಗು ಹನ್ನೊಂದನೇ ಸಲ ಬೇರೆ ವಿಷಯ ತರುತ್ತದೆ.

ಹೇಳಲು ಬಂದ ಮಗುವಿಗೆ ನಾವು ಏನು ಮಾಡುತ್ತೇವೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮಕ್ಕಳು ಬಾಯಿ ಬಿಡದಿರಲು ಒಂದು ದೊಡ್ಡ ಕಾರಣ ಫೋನ್ ಹೋಗುತ್ತದೆ ಅನ್ನುವ ಭಯ. ಯಾರೋ ಕೆಟ್ಟ ಮೆಸೇಜ್ ಕಳಿಸಿದರು, ಮಗು ಬಂದು ತೋರಿಸಿತು, ಅಪ್ಪ ಫೋನ್ ಕಿತ್ತಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆ ಮಗು ಇನ್ನೊಂದು ಸಲ ತೋರಿಸುವುದಿಲ್ಲ. ಅದನ್ನು ನೋಡಿದ ತಮ್ಮನೂ ತೋರಿಸುವುದಿಲ್ಲ.

ಹಾಗಾದರೆ ಏನನ್ನಬೇಕು? "ನೀನು ಬಂದು ಹೇಳಿದ್ದು ಒಳ್ಳೇದಾಯ್ತು. ತಪ್ಪು ನಿನ್ನದಲ್ಲ. ಬಾ, ಇಬ್ಬರೂ ನೋಡೋಣ." ಇಷ್ಟನ್ನು ದೊಡ್ಡವರೂ ಅಭ್ಯಾಸ ಮಾಡಿಕೊಳ್ಳಬೇಕು. ಮನಸ್ಸಿನೊಳಗೆ ಬೆಂಕಿ ಬಿದ್ದಿದ್ದರೂ ಮುಖದಲ್ಲಿ ತೋರಿಸಬಾರದು. ಮಗು ನಮ್ಮ ಮಾತಿಗಿಂತ ಮೊದಲು ನಮ್ಮ ಮುಖ ಓದುತ್ತದೆ. ಮಗು ನಿಯಮ ಮುರಿದಿದ್ದರೆ? ಬೇಡ ಅಂದ ಆಟ ಆಡುವಾಗಲೇ ಇದು ಆಗಿದ್ದರೆ? ಆಗಲೂ ಮೊದಲು ಇದೇ ಮಾತು. ನಿಯಮದ ವಿಚಾರಣೆ ನಾಳೆಗಿರಲಿ.

ಮುಂದಿನ ಕೆಲಸ ದೊಡ್ಡವರದು. ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಖಾತೆಯ ಹೆಸರು ಬರೆದುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ, ಆ ಆಪ್‌ಗೂ ಪೊಲೀಸರಿಗೂ ದೂರು ಕೊಡಿ. ಮಗುವಿನ ಹೆಸರಿನಲ್ಲಿ ನೀವೇ ಚಾಟ್ ಮಾಡಿ ಅವನನ್ನು ಹಿಡಿಯುವ ಸಾಹಸ ಬೇಡ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮಗುವಿನ ಬೆತ್ತಲೆ ಚಿತ್ರ ಇದ್ದರೆ ಅದರ ಸ್ಕ್ರೀನ್‌ಶಾಟನ್ನೂ ತೆಗೆಯಬೇಡಿ. ಸಾಕ್ಷಿ ಅಂತ ಟೀಚರ್‌ಗೋ, ಪೋಷಕರ ಗುಂಪಿಗೋ ಕಳಿಸಲೇಬೇಡಿ. ಅದನ್ನು ಇಟ್ಟುಕೊಳ್ಳುವುದು, ಮುಂದಕ್ಕೆ ಕಳಿಸುವುದು ಬಹಳಷ್ಟು ದೇಶಗಳಲ್ಲಿ ಅಪರಾಧ. ಫೋನನ್ನು ಹಾಗೇ ಇಟ್ಟು ಪೊಲೀಸರಿಗೆ ಹೇಳಿ. ಅಂಥ ಚಿತ್ರ ಹರಡದಂತೆ ತಡೆಯಲು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಸಿಎಂಇಸಿ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ನಡೆಸುತ್ತದೆ. ಅದರಲ್ಲಿ ಚಿತ್ರ ನಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಅಂಕಿಯ ಗುರುತು ಫೋನಿನಲ್ಲೇ ತಯಾರಾಗಿ, ಅದೊಂದು ಮಾತ್ರ ಹೋಗುತ್ತದೆ. ಸೇರಿಕೊಂಡಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರ ಸಿಕ್ಕರೆ ತೆಗೆಯುತ್ತವೆ. ಎಲ್ಲ ಕಂಪನಿಗಳೂ ಸೇರಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಹೆದರಿಸಿ ಕಲಿಸುವುದರ ಬಗ್ಗೆ ಒಂದು ಮಾತು. 2019ರ ಫೆಬ್ರವರಿಯಲ್ಲಿ 'ಮೊಮೊ' ಅನ್ನುವ ಗದ್ದಲ ಎದ್ದಿತ್ತು, ನೆನಪಿರಬಹುದು. ಗುಡ್ಡೆಕಣ್ಣಿನ ಒಂದು ವಿಕಾರ ಮುಖ ಮಕ್ಕಳ ವಿಡಿಯೋಗಳ ನಡುವೆ ಬಂದು ತಮ್ಮನ್ನು ತಾವು ಗಾಯ ಮಾಡಿಕೊಳ್ಳುವಂತೆ ಹೇಳುತ್ತದೆ ಅಂತ ಸುದ್ದಿ. ಶಾಲೆಗಳು ಸುತ್ತೋಲೆ ಕಳಿಸಿದವು, ಕೆಲವು ಕಡೆ ಪೊಲೀಸರೂ ಎಚ್ಚರಿಸಿದರು. ಆಮೇಲೆ ಬ್ರಿಟನ್ನಿನ ಮಕ್ಕಳ ಸಂಸ್ಥೆಗಳು ಇದಕ್ಕೆ ಆಧಾರವೇ ಇಲ್ಲ ಅಂದವು. ಆ ಮುಖ ಜಪಾನಿನಲ್ಲಿ 2016ರಲ್ಲಿ ಪ್ರದರ್ಶನಕ್ಕಿಟ್ಟಿದ್ದ ಒಂದು ಶಿಲ್ಪದ್ದು. ಆ ಚಿತ್ರವನ್ನು ಎಷ್ಟೋ ಮಕ್ಕಳು ನೋಡಿದ್ದು ನಮ್ಮ ಎಚ್ಚರಿಕೆಯ ಮೆಸೇಜುಗಳಲ್ಲಿ. ಹಾಗಾಗಿ ಪೋಷಕರ ಗುಂಪಿನಲ್ಲಿ ಇಂಥದ್ದು ಬಂದ ಕೂಡಲೇ ಫಾರ್ವರ್ಡ್ ಮಾಡುವ ಮೊದಲು ಒಂದು ದಿನ ಕಾಯಿರಿ. ಮಕ್ಕಳಿಗಂತೂ ತೋರಿಸಲೇಬೇಡಿ.

ಈಗ ಕಂಪನಿಗಳ ಕಡೆ ಬರೋಣ. ಎಲ್ಲ ಭಾರವನ್ನೂ ಮಗುವಿನ ಹೆಗಲಿಗೆ ಹಾಕುವುದು ಅನ್ಯಾಯ. 2022ರ ಡಿಸೆಂಬರಿನಲ್ಲಿ ಫೋರ್ಟ್‌ನೈಟ್ ಆಟ ಮಾಡಿದ ಎಪಿಕ್ ಗೇಮ್ಸ್ ಕಂಪನಿಯ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಕ್ರಮ ಕೈಗೊಂಡಿತು. ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೆ 27.5 ಕೋಟಿ ಡಾಲರ್ ದಂಡ. ಬೇಡದ ಖರೀದಿಗೆ ಸಿಕ್ಕಿಸುವ ಬಟನ್‌ಗಳಿಗಾಗಿ ಗ್ರಾಹಕರಿಗೆ ವಾಪಸ್ ಕೊಡಬೇಕಾದದ್ದು ಇನ್ನೂ 24.5 ಕೋಟಿ. ಆಯೋಗದ ಮುಖ್ಯ ದೂರುಗಳಲ್ಲಿ ಒಂದು ಏನು ಗೊತ್ತೇ? ಆಟ ಶುರುವಾದಾಗ ಧ್ವನಿ ಚಾಟ್, ಅಕ್ಷರ ಚಾಟ್ ಎರಡೂ ತಾನಾಗಿಯೇ ಆನ್ ಆಗಿರುತ್ತಿದ್ದವು. ಮಕ್ಕಳು ಗುರುತಿಲ್ಲದವರ ಜೊತೆ ಮಾತಿಗೆ ಸಿಗುತ್ತಿದ್ದರು. ಅಪರಿಚಿತರ ಜೊತೆ ಮಾತಾಡಬೇಡ ಅಂತ ನಾವು ಚಾರ್ಟ್ ಬರೆಸುತ್ತಿದ್ದಾಗ ಆಟ ತಾನೇ ಮೈಕ್ ಆನ್ ಮಾಡಿ ಕೂರಿಸಿತ್ತು!

ಆದ್ದರಿಂದ ಯಾವ ಆಟವನ್ನಾದರೂ ಮಗುವಿಗೆ ಕೊಡುವ ಮೊದಲು ಹತ್ತು ನಿಮಿಷ ನೀವೇ ಕೂತು ಆಡಿ. ಚಾಟ್ ಆಫ್ ಮಾಡಿ. ಯಾರು ಬೇಕಾದರೂ ಗೆಳೆತನದ ಕೋರಿಕೆ ಕಳಿಸುವುದನ್ನು ನಿಲ್ಲಿಸಿ. ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಮಾಡಿ. ಒಂದು ವಿಡಿಯೋ ಮುಗಿದ ಮೇಲೆ ಇನ್ನೊಂದು ತಾನೇ ಓಡುವುದನ್ನು ನಿಲ್ಲಿಸಿ. 2017ರಲ್ಲಿ ಮಕ್ಕಳಿಗೆ ಗೊತ್ತಿರುವ ಕಾರ್ಟೂನ್ ಪಾತ್ರಗಳನ್ನೇ ಬಳಸಿ ಮಾಡಿದ ಹಿಂಸೆಯ, ಅಸಹ್ಯದ ವಿಡಿಯೋಗಳು ಯೂಟ್ಯೂಬ್‌ನಲ್ಲಿ ರಾಶಿ ರಾಶಿ ಸಿಕ್ಕವು. ಒಳ್ಳೆಯ ವಿಡಿಯೋದಿಂದ ಶುರುವಾದ ಸರಣಿ ಎಲ್ಲಿಗೆ ಮುಟ್ಟುತ್ತದೆ ಅಂತ ಪಕ್ಕದ ಕೋಣೆಯಲ್ಲಿ ಕೂತವರಿಗೆ ಕಾಣುವುದಿಲ್ಲ.

ಬೊಂಬೆಗಳನ್ನೂ ಬಿಡಬೇಡಿ. ಅದೇ 2017ರಲ್ಲಿ ಜರ್ಮನಿ 'ಮೈ ಫ್ರೆಂಡ್ ಕೇಯ್ಲಾ' ಅನ್ನುವ ಮಾತಾಡುವ ಬೊಂಬೆಯನ್ನು ನಿಷೇಧಿಸಿತು. ಹತ್ತಿರದಲ್ಲಿ ನಿಂತ ಯಾರು ಬೇಕಾದರೂ ಬ್ಲೂಟೂತ್ ಮೂಲಕ ಅದಕ್ಕೆ ಸೇರಿಕೊಂಡು ಮಗುವಿನ ಮಾತು ಕೇಳಬಹುದಿತ್ತು. ಮುಚ್ಚಿಟ್ಟ ಗೂಢಚಾರ ಸಾಧನ ಅಂತ ಪರಿಗಣಿಸಿ, ಅದನ್ನು ನಾಶ ಮಾಡಿ ಅಂತ ಪೋಷಕರಿಗೆ ಸೂಚಿಸಿದರು.

ಇನ್ನು 13 ವರ್ಷ ಅನ್ನುವ ಅಂಕಿ. ಎಷ್ಟೋ ಆಪ್‌ಗಳಲ್ಲಿ ಖಾತೆ ತೆರೆಯಲು 13 ಆಗಿರಬೇಕು. 13ಕ್ಕೆ ಮಕ್ಕಳಿಗೆ ಬುದ್ಧಿ ಬಲಿಯುತ್ತದೆ ಅಂತ ಯಾರೋ ಲೆಕ್ಕ ಹಾಕಿದ್ದಾರೆ ಅಂದುಕೊಳ್ಳಬೇಡಿ. ಅಮೆರಿಕ 1998ರಲ್ಲಿ ಕೋಪಾ ಅನ್ನುವ ಕಾನೂನು ಮಾಡಿತು. 13ರ ಒಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತ ಅದು ಹೇಳುತ್ತದೆ. ಒಪ್ಪಿಗೆ ಕೇಳುವ ಗೋಜೇ ಬೇಡ ಅಂತ ಕಂಪನಿಗಳು 13ಕ್ಕೆ ಗೆರೆ ಎಳೆದವು. ಯುರೋಪಿನ ಕಾನೂನು 16 ಅನ್ನುತ್ತದೆ, ದೇಶಗಳು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಮಾಹಿತಿ ರಕ್ಷಣೆಯ ಕಾನೂನಿನಲ್ಲಿ 18ರ ಒಳಗಿನ ಎಲ್ಲರೂ ಮಕ್ಕಳೇ. ಎಂಟು ವರ್ಷದ ಮಗುವಿಗೆ ಹುಟ್ಟಿದ ವರ್ಷ ಸುಳ್ಳು ಹಾಕಿ ಖಾತೆ ತೆರೆದುಕೊಟ್ಟರೆ ಒಂದು ನಷ್ಟವಿದೆ. ಆಪ್ ಆ ಮಗುವನ್ನು ದೊಡ್ಡವರ ಹಾಗೆ ನೋಡುತ್ತದೆ. ಜಾಹೀರಾತು, ವಿಡಿಯೋ, ಚಾಟ್ ಎಲ್ಲವೂ ಹಾಗೇ ಬರುತ್ತವೆ.

ಜಾಹೀರಾತಿನ ಪಾಠವನ್ನು ನಾವು ಕಲಿಸುವುದೇ ಇಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ತಮ್ಮನ್ನು ಒಲಿಸಲು ಮಾಡಿದ್ದು ಅಂತ ಗೊತ್ತಾಗುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರ ಸಂಘದ ಸಮಿತಿ 2004ರಲ್ಲೇ ಹೇಳಿದೆ. ಆಗ ಟಿವಿ ಇತ್ತು, ಕಾರ್ಯಕ್ರಮದ ನಡುವೆ ಬ್ರೇಕ್ ಅಂತ ಬರುತ್ತಿತ್ತು. ಈಗ ಆಟಿಕೆಯ ಡಬ್ಬ ಬಿಚ್ಚಿ ಕುಣಿಯುವ ಹುಡುಗನ ವಿಡಿಯೋದಲ್ಲಿ ಕಾರ್ಯಕ್ರಮ ಯಾವುದು, ಜಾಹೀರಾತು ಯಾವುದು? ತರಗತಿಯಲ್ಲಿ ಒಂದು ಪುಟ ತೋರಿಸಿ "ಇದರಲ್ಲಿ ಮಾರುವುದಕ್ಕೆ ಇಟ್ಟದ್ದು ಯಾವುದು ಹುಡುಕಿ" ಅಂತ ಆಡಿಸಿ. ಸುಳ್ಳು ಡೌನ್‌ಲೋಡ್ ಬಟನ್, ಕಾಣದಷ್ಟು ಸಣ್ಣ ಮುಚ್ಚುವ ಗುರುತು, ಇವನ್ನೆಲ್ಲ ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ.

ಪಾಸ್‌ವರ್ಡ್ ಬಗ್ಗೆ ಚಿಕ್ಕದಾಗಿ. ಸಂಬಂಧವಿಲ್ಲದ ಮೂರು ಪದ ಜೋಡಿಸಿದರೆ ಉದ್ದವೂ ಆಯಿತು, ನೆನಪೂ ಉಳಿಯಿತು. ಕೊಡೆ, ಮೊಸಳೆ, ಕಿಟಕಿ, ಈ ಥರ. ಆಪ್ತ ಗೆಳತಿಗೂ ಹೇಳಬಾರದು ಅನ್ನುವುದೇ ಈ ವಯಸ್ಸಿನಲ್ಲಿ ಕಷ್ಟದ ಪಾಠ, ಯಾಕೆಂದರೆ ಪಾಸ್‌ವರ್ಡ್ ಹಂಚಿಕೊಳ್ಳುವುದು ಅವರಿಗೆ ಗೆಳೆತನದ ಗುರುತು. ಹಾಗಿರುವಾಗ ಶಾಲೆಯೇ ಇಡೀ ತರಗತಿಗೆ ಒಂದೇ ಪಾಸ್‌ವರ್ಡ್ ಕೊಟ್ಟು ಬೋರ್ಡ್ ಮೇಲೆ ಬರೆದರೆ ಹೇಗೆ?

ಶಾಲೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಬ್ಯಾಡ್ಜ್ ಹಾಕಿದ ಮಕ್ಕಳ ಫೋಟೋ, ಹೆಸರು, ತರಗತಿ ಸಮೇತ ಎಲ್ಲರಿಗೂ ಕಾಣುವ ಪುಟದಲ್ಲಿ ಹಾಕುವವರು ನಾವೇ. ಈಗ ಸಾದಾ ಫೋಟೋವನ್ನೂ ತಿರುಚಿ ಅಸಹ್ಯ ಮಾಡುವ ಎಐ ಉಪಕರಣಗಳು ಬಂದಿವೆ. ಫೋಟೋ ಹಾಕಲೇಬೇಕು ಅಂದರೆ ಹೆಸರು ಬೇಡ, ಮುಖ ಹತ್ತಿರದಿಂದ ಬೇಡ. ಹಾಕುವ ಮೊದಲು ಮಗುವನ್ನೂ ಕೇಳಿ. ತನ್ನ ಫೋಟೋಗೆ ಬೇಡ ಅನ್ನಬಹುದು ಅಂತ ಮಗು ಕಲಿಯುವುದು ಇಲ್ಲಿಯೇ. ನಾವು ಒಂದು ಸಲವೂ ಕೇಳದೆ ಹಾಕುತ್ತಾ ಬಂದರೆ, ನಾಳೆ ಇನ್ಯಾರೋ ಫೋಟೋ ಕೇಳಿದಾಗ ಬೇಡ ಅನ್ನಲು ಅದಕ್ಕೆ ಹೇಗೆ ತೋಚುತ್ತದೆ?

ಪ್ರಶ್ನೆಗಳಿಗೆ ಹೋಗೋಣ.

ಒಬ್ಬ ತಂದೆ: "ಇಷ್ಟೆಲ್ಲ ಯಾಕೆ ಸಾರ್? ಹತ್ತು ವರ್ಷದವರೆಗೆ ಫೋನೇ ಕೊಡದಿದ್ದರೆ ಆಗಲ್ವಾ?"

ಕೊಡದಿದ್ದರೆ ನನ್ನ ವಿರೋಧವಿಲ್ಲ. ಆರು ವರ್ಷದ ಮಗುವಿಗೆ ಸ್ವಂತ ಫೋನ್ ಬೇಕಿಲ್ಲ ಅಂತಲೇ ನನ್ನ ಅಭಿಪ್ರಾಯ. ಆಸ್ಟ್ರೇಲಿಯಾ 16ರ ಒಳಗಿನವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇರಬಾರದು ಅಂತ 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು. ಅಲ್ಲಿ ಹೊಣೆ ಕಂಪನಿಗಳದ್ದು, ಮಕ್ಕಳಿಗೋ ಪೋಷಕರಿಗೋ ದಂಡವಿಲ್ಲ. ಅದು ನನಗೆ ಹಿಡಿಸಿತು. ಆದರೆ ಖಾತೆ ಇಲ್ಲದೆಯೂ ವಿಡಿಯೋ ನೋಡಬಹುದು. ಗೆಳೆಯನ ಮನೆಯಲ್ಲಿ ಫೋನ್ ಇರುತ್ತದೆ. ಫೋನ್ ಇಲ್ಲದ ಮಗುವಿಗೂ ಈ ಅಭ್ಯಾಸ ಬೇಕು.

ಒಬ್ಬ ತಾಯಿ: "ಮಗಳಿಗೆ ಗೊತ್ತಾಗದ ಹಾಗೆ ಅವಳ ಚಾಟ್ ನೋಡುವ ಆಪ್ ಹಾಕಿದ್ದೀನಿ. ಸರೀನಾ?"

ನೋಡುವುದು ಸರಿ, ಕದ್ದು ನೋಡುವುದು ಬೇಡ. ಎಂಟು ವರ್ಷದ ಮಗುವಿಗೆ "ನಾನು ನಿನ್ನ ಟ್ಯಾಬ್ ವಾರಕ್ಕೊಮ್ಮೆ ನೋಡ್ತೀನಿ" ಅಂತ ನೇರವಾಗಿ ಹೇಳಿ, ಅವಳ ಪಕ್ಕದಲ್ಲೇ ಕೂತು ನೋಡಿ. ಅವಳೇ ಒಂದೊಂದು ತೋರಿಸುತ್ತಾಳೆ. ಕದ್ದು ನೋಡಿದ್ದು ಒಂದು ದಿನ ಗೊತ್ತಾಗುತ್ತದೆ, ಆಗ ಗುಟ್ಟಿನ ಪಾಠ ಹೇಳಲು ನಮಗೇ ಬಾಯಿ ಇರುವುದಿಲ್ಲ.

ಒಬ್ಬ ಟೀಚರ್: "ಫೋಟೋ ವಿಷಯದಲ್ಲಿ ಎರಡನೇ ತರಗತಿ ಮಕ್ಕಳಿಗೆ ಎಷ್ಟು ಹೇಳೋದು? ಪೋಷಕರು ಜಗಳಕ್ಕೆ ಬರ್ತಾರೆ."

ಎರಡೇ ವಾಕ್ಯ. "ಒಳಬಟ್ಟೆ ಮುಚ್ಚುವ ಜಾಗ ನಿನ್ನದು. ಅದರ ಫೋಟೋ ಯಾರು ಕೇಳಿದರೂ, ಯಾರು ತಮ್ಮದನ್ನು ತೋರಿಸಿದರೂ, ಬಂದು ಹೇಳು." ಇದಕ್ಕಿಂತ ಜಾಸ್ತಿ ವಿವರ ಈ ವಯಸ್ಸಿಗೆ ಬೇಡ. ಪಾಠಕ್ಕೆ ಮೊದಲೇ ಪೋಷಕರಿಗೆ ಈ ಎರಡು ವಾಕ್ಯ ಬರೆದು ಕಳಿಸಿ, ಇದನ್ನೇ ಹೇಳುತ್ತೇವೆ ಅಂತ. ಜಗಳ ಬರುವುದು ಏನು ಹೇಳಿದಿರಿ ಅಂತ ಗೊತ್ತಿಲ್ಲದಾಗ.

ಕೊನೆಯ ಪ್ರಶ್ನೆ, ಅವರೇ ಕೇಳಿದ್ದು: "ಮಗು ಬಂದು ತನಗೆ ಆದದ್ದನ್ನು ಹೇಳಿ, ಮನೆಯಲ್ಲಿ ಹೇಳಬೇಡಿ ಟೀಚರ್, ಹೊಡೀತಾರೆ ಅಂದರೆ?"

ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡಿ. ಉಳಿಸಿಕೊಳ್ಳಲು ಆಗದ ಮಾತು ಅದು. "ನಿನ್ನನ್ನು ಕಾಪಾಡುವುದಕ್ಕೆ ಯಾರಿಗೆ ಬೇಕೋ ಅವರಿಗಷ್ಟೇ ಹೇಳ್ತೀನಿ, ಹೇಳುವಾಗ ನೀನೂ ನನ್ನ ಜೊತೆ ಇರಬಹುದು" ಅನ್ನಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಅದೇ ದಿನ ಬರೆದಿಡಿ, ಮತ್ತೆ ಮತ್ತೆ ಪ್ರಶ್ನೆ ಕೇಳಿ ಕೆದಕಬೇಡಿ. ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಪೋಷಕರನ್ನು ಶಾಲೆಗೇ ಕರೆಸಿ, ಮಗು ಬಂದು ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅನ್ನುವುದರಿಂದ ಮಾತು ಶುರು ಮಾಡಿ. ತೊಂದರೆ ಕೊಡುತ್ತಿರುವವರು ಮನೆಯವರೇ ಇರಬಹುದು ಅನ್ನಿಸಿದರೆ, ಅಥವಾ ಮಗುವಿಗೆ ಮನೆಯಲ್ಲಿ ನಿಜವಾಗಿ ಅಪಾಯವಿದೆ ಅನ್ನಿಸಿದರೆ, ಮನೆಗೆ ಹೇಳುವ ಮೊದಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ.